ಸಿಗಡಿ ಬಾಟಲಿಯ ಜೇನು

ಭಟ್ಕಳ
ಹಾಸ್ಟೆಲ್, ರೂಮ್ ನಂಬರ್ 14
18 ನವೆಂಬರ್ 2024

ಮಾಸ್ತಿ ಅತ್ತೆಗೆ,

ನಾನು ಆರಾಮ. ಅಂದರೆ ಜ್ವರ ಇಲ್ಲ, ಅಷ್ಟೇ. ಫೋನ್ ಮಾಡಿದರೆ ನಿನಗೆ ಕೇಳುವುದಿಲ್ಲ. ಅಪ್ಪನ ಹತ್ತಿರ ಹೇಳಿ ಕಳಿಸಿದರೆ ಅರ್ಧ ಮರೆತು, ಉಳಿದರ್ಧ ಬೋಟಿನಲ್ಲೇ ಬಿಟ್ಟು ಬರುತ್ತಾರೆ. ಅದಕ್ಕೆ ಪತ್ರ. ಕುಮಟಾ ಬಸ್ಸಿನ ಕಂಡಕ್ಟರ್ ರವೀಂದ್ರಣ್ಣನ ಕೈಲಿ ಕೊಡುತ್ತಿದ್ದೇನೆ, ಹಳದೀಪುರ ಸ್ಟಾಪಿನ ಅಂಗಡಿಯಲ್ಲಿ ಇಟ್ಟು ಹೋಗುತ್ತಾರೆ. ನೀನೂ ಹಾಗೇ ಕಳಿಸು.

ಈಗ ಜೇನಿನ ವಿಷಯ. ದೀಪಾವಳಿಗೆ ಬಂದಾಗ ನಾನು ಅವಸರದಲ್ಲಿ ಏನು ಹೇಳಿದೆನೋ, ನೀನು ನನ್ನ ಬಾಯಿ ನೋಡಿ ಏನು ತಿಳಿದೆಯೋ! ನಮ್ಮ ಸುಧಾಕರ ಸರ್ ಫಸ್ಟ್ ಇಯರಿನ ಹನ್ನೆರಡು ಜನಕ್ಕೆ ಒಂದೊಂದು ಪೆಟ್ಟಿಗೆ ಕೊಟ್ಟಿದ್ದಾರೆ. ಹಿತ್ತಲಲ್ಲಿ ಇಟ್ಟು ಒಂದು ವರ್ಷ ಸಾಕಬೇಕು, ಎಂಟು ದಿನಕ್ಕೊಮ್ಮೆ ರೆಕಾರ್ಡ್ ಬರೆಯಬೇಕು. ಹಾಸ್ಟೆಲಿನಲ್ಲಿ ಇಡಲು ಬಿಡುವುದಿಲ್ಲ. ಅದಕ್ಕೆ ನಮ್ಮ ಹಿತ್ತಲು, ಅದಕ್ಕೆ ನೀನು. ಶುಕ್ರ ಗೌಡರು ಮರದ ಪೊಟರೆಯಿಂದ ಹಿಡಿದು ಹಾಕಿದರಲ್ಲ, ಅದು ತುಡುವೆ ಜಾತಿ. ಪಾಪದ್ದು. ಆದರೆ ತುಂಬಾ ಸೆನ್ಸಿಟಿವ್. ಮನಸ್ಸಿಗೆ ಬಾರದಿದ್ದರೆ ಇಡೀ ಸಂಸಾರ ಕಟ್ಟಿಕೊಂಡು ಹೊರಟೇ ಹೋಗುತ್ತದೆ ಅಂತ ಸರ್ ಹೇಳಿದ್ದಾರೆ. ಅದನ್ನು ಕೇಳಿದಂದಿನಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ.

ಒಂದು ಮಾತು ನೇರವಾಗಿ ಬರೆಯುತ್ತೇನೆ, ಸಿಟ್ಟು ಮಾಡಬೇಡ. ಪೆಟ್ಟಿಗೆ ಹತ್ತಿರ ಹೋಗುವ ಮೊದಲು ಕೈ ತೊಳೆ. ಸೋಪಿನಲ್ಲಿ. ಮೀನು ಕೊಯ್ದ ಕೈಯಲ್ಲಿ ಹೋಗಲೇಬೇಡ. ಸೀರೆಯೂ ಬೇರೆ ಇರಲಿ.

ಯಾಕೆ ಅಂತ ಕೇಳಿದರೆ, ಆರನೇ ಕ್ಲಾಸಿಗೆ ನನ್ನನ್ನು ವಸತಿ ಶಾಲೆಗೆ ಬಿಟ್ಟ ದಿನ ನೆನಪಿದೆಯಾ? ನಾನು ಟ್ರಂಕ್ ತೆಗೆದ ಕೂಡಲೇ ರೂಮಿನ ಹುಡುಗಿಯರೆಲ್ಲ ಮೂಗು ಹಿಡಿದುಕೊಂಡು ಹೊರಗೆ ಓಡಿದರು. ನೀನು ಬಟ್ಟೆಯ ಅಡಿಯಲ್ಲಿ ಒಣ ಬಂಗಡೆ ಕಟ್ಟಿ ಇಟ್ಟಿದ್ದೆ, ಪ್ರೀತಿಯಿಂದ. ಏಳು ವರ್ಷ ಆ ಶಾಲೆಯಲ್ಲಿ ನನಗೆ ದಿವ್ಯಶ್ರೀ ಅಂತ ಹೆಸರೇ ಇರಲಿಲ್ಲ. ಬಂಗಡೆ. ಟೀಚರೊಬ್ಬರೂ ಒಮ್ಮೆ ಹಾಗೇ ಕರೆದು, ಆಮೇಲೆ ನಾಲಿಗೆ ಕಚ್ಚಿಕೊಂಡರು.

ನಮ್ಮ ಮನೆಯಿಂದ ನಾಲ್ಕು ಜನರಿಗೆ ಕೊಡಬಹುದಾದ, ವಾಸನೆ ಇಲ್ಲದ ವಸ್ತು ಅಂತ ಬಂದರೆ ಅದು ಈ ಜೇನೇ. ಅದೊಂದು ಕೆಡದಿರಲಿ, ಪ್ಲೀಸ್.

ನಿನ್ನ,
ದಿವ್ಯಶ್ರೀ


ಹಳದೀಪುರ
27-11-24

ದಿವ್ಯಾ ಮಗಾ,

ನಿನ್ನ ಕಾಗದ ಬಂತು. ಅಂಗಡಿಯಂವ ಬೆಲ್ಲದ ಚೀಲದ ಮೇಲೆ ಇಟ್ಟಿದ್ದ. ಒಂದು ಮೂಲೆ ಇರುವೆ ಪಾಲಾಗಿತ್ತು, ಉಳಿದದ್ದು ಓದಿದೆ. ನಾನು ಐದನೇ ಇಯತ್ತೆ ಮುಗಿಸೂದೂ ಜ್ವರ ಬಂದು ಕಿವಿ ಹೋಗೂದೂ ಒಂದೇ ವರ್ಷ ಆದ್ದು. ಅಲ್ಲಿಗೆ ಶಾಲೆ ಮುಗೀತು. ಅಕ್ಷರ ದೊಡ್ಡ ದೊಡ್ಡದು ಆಗ್ತದೆ. ನಗಬೇಡ.

ಕೈ ತೊಳೆದೆ. ಮೂರು ಸಲ. ಸೋಪು ಅರ್ಧ ಆತು. ಸೀರೆಯೂ ಬದಲು ಮಾಡಿದೆ. ಆಚೆಮನೆ ಗಣಪಿ ಬೇಲಿ ಮೇಲಿಂದ ಕಂಡು, ಮಾಸ್ತಕ್ಕ ಹೆಣ್ಣು ನೋಡೂಕೆ ಹೊರಟಳಾ ಅಂತ ಕೈಬಾಯಿ ತಿರುಗಿಸಿ ಕೇಳ್ತು. ಹೌದು, ರಾಣಿನ ನೋಡೂಕೆ ಅಂದೆ.

ಕೆಂಪಿರುವೆ ಪೆಟ್ಟಿಗೆ ಕಾಲು ಹತ್ತಿ ಬಂದಿತ್ತು. ನೀನು ಹೇಳಿದ ಹಾಗೆ ನಾಲ್ಕು ಕಾಲಿಗೂ ಕರಟದಲ್ಲಿ ನೀರಿಟ್ಟೆ. ಅದನ್ನು ಕೋಳಿ ಕುಡಿದು ಹೋದವು. ಮತ್ತೆ ಇಟ್ಟೆ, ಮತ್ತೆ ಕುಡಿದವು. ಕಡೆಗೆ ಕಾಲಿಗೆ ಒಂದು ಮನೆಮದ್ದು ಹಚ್ಚಿದೆ. ಎಂತ ಮದ್ದು ಅಂತ ಕೇಳಬೇಡ. ಇರುವೆ ಬಂದ ದಾರಿಯಲ್ಲೇ ತಿರುಗಿ ಹೋತು.

ಶುಕ್ರ ಗೌಡ ಬಂದಿದ್ದ. ಅವ ಬಾಯಿ ಇಷ್ಟಗಲ ತೆಗೆದು ನನ್ನ ಕಿವಿಗೆ ಕೂಗ್ತ. ಅವ ಹೇಳಿದ್ದು ನಂಗೆ ಗೊತ್ತಾಗಲಿಲ್ಲ, ಬಾಯಲ್ಲಿ ಹಲ್ಲು ಎಷ್ಟು ಅಂತ ಗೊತ್ತಾತು. ಐದು. ಆಮೇಲೆ ಸಾಕಾಗಿ ನನ್ನ ಕೈ ಹಿಡಿದು ಪೆಟ್ಟಿಗೆ ಬದಿಗೆ ಇಟ್ಟ. ಹಾಗೇ ಇರಲಿ ಅಂತ ಕಣ್ಣಲ್ಲಿ ಹೇಳಿದ. ಅಕ್ಕಿ ಗಿರಣಿ ಗೋಡೆಗೆ ಬೆನ್ನು ಕೊಟ್ರೆ ಮೈಯೊಳಗೆ ಬರ್ತದಲ್ಲ ನಡುಕ, ಹಾಗೆ. ಆದರೆ ಸಣ್ಣಕ್ಕೆ, ಅಕ್ಕಿಗಿಂತ ಸಣ್ಣ ಎಂತದನ್ನೋ ಬೀಸ್ತಾ ಇದ್ದ ಹಾಗೆ. ಈಗ ದಿನಾ ಬೆಳಿಗ್ಗೆ ಎದ್ದು ಮೊದಲು ಅದೇ ಕೆಲಸ. ಚಾ ಆಮೇಲೆ.

ರೆಕಾರ್ಡಿಗೆ ಬರಕೊ: ಜೇನು ಅದೆ.

ಆ ಬಂಗಡೆ ನಾನು ಇಟ್ಟದ್ದು ಹೌದು. ಅಲ್ಲಿ ಸೊಪ್ಪುಸಾರು ಮಾತ್ರ ಅಂತ ಯಾರೋ ಹೇಳಿದ್ರು. ನೀನು ಈವರೆಗೆ ಹೇಳಿರಲಿಲ್ಲ.

ಮಾಸ್ತಮ್ಮ


ಭಟ್ಕಳ
12 ಜನವರಿ 2025

ಅತ್ತೆಗೆ,

ನಿನ್ನ ಡಿಸೆಂಬರಿನ ಚೀಟಿಗಳು ಎಲ್ಲ ಸಿಕ್ಕಿದವು. "ಜೇನು ಅದೆ", "ಜೇನು ಅದೆ", "ಜಾಸ್ತಿ ಅದೆ". ನಾನು ಅದನ್ನೇ ಎಳೆದು ಎಳೆದು ಅರ್ಧ ಪುಟ ಮಾಡಿ ರೆಕಾರ್ಡಿನಲ್ಲಿ ಬರೆಯುತ್ತಿದ್ದೇನೆ. ಆ ಮನೆಮದ್ದು ಏನು ಅಂತ ಸರ್ ಕೇಳಿದರು. ಬೇವಿನೆಣ್ಣೆ ಅಂದೆ. ಬೇವಿನೆಣ್ಣೆಯೇ ತಾನೇ?

ಮೊನ್ನೆ ಲ್ಯಾಬಿನಲ್ಲಿ ಸರ್ ಕೆಟ್ಟುಹೋದ ಒಂದು ಪೆಟ್ಟಿಗೆ ತೆರೆದರು. ಯಾರೋ ತಿಂಗಳುಗಟ್ಟಲೆ ನೋಡದೆ ಬಿಟ್ಟದ್ದಂತೆ. ಅತ್ತೆ, ನಾನು ಅದನ್ನು ಮರೆಯಲು ಮೂರು ದಿನದಿಂದ ಟ್ರೈ ಮಾಡುತ್ತಿದ್ದೇನೆ, ಆಗುತ್ತಿಲ್ಲ. ಜೇನುಗೂಡಿನ ಎರಿಯ ತುಂಬಾ ಬಿಳಿ ಬಲೆ, ಬಲೆಯೊಳಗೆ ಬೆರಳು ದಪ್ಪದ ಕೊಳವೆ, ಕೊಳವೆಯೊಳಗೆ ಮೇಣದ ಹುಳು. ಒಂದಲ್ಲ, ಕೊಳಕೊಳ ಅಂತ ಇಡೀ ಚೌಕಟ್ಟೇ ಹರಿದಾಡುತ್ತಿತ್ತು. ವಾಸನೆ ಹೇಗೆ ಅಂದರೆ, ಒದ್ದೆ ಗೋಣಿಯನ್ನು ಹುಳಿ ಬರಿಸಿದ ಹಾಗೆ. ಸರ್ ಒಂದು ಹುಳು ಎತ್ತಿ ನನ್ನ ಗ್ಲೌಸಿನ ಮೇಲೆ ಇಟ್ಟರು. ಗ್ಲೌಸಿನ ಮೂಲಕವೂ ಅದರ ಮೈ ಮೆತ್ತಗೆ ಹಿಂಡಿದ ಹಾಗೆ ಆಗುವುದು ಗೊತ್ತಾಯಿತು. ನಾನು ವಾಶ್‌ಬೇಸಿನ್‌ಗೆ ಓಡಿದೆ. ಮಧ್ಯಾಹ್ನ ಮೆಸ್ಸಿನಲ್ಲಿ ಶಾವಿಗೆ ಪಾಯಸ. ಮತ್ತೆ ಓಡಿದೆ.

ನಮ್ಮ ಪೆಟ್ಟಿಗೆಯ ತಳದಲ್ಲಿ ಬಿಳಿ ಪುಡಿ, ಬಲೆ ಏನಾದರೂ ಇದೆಯಾ ನೋಡು. ಇದ್ದರೆ ನನಗೆ ಹೇಳಬೇಡ. ಅಲ್ಲ, ಹೇಳು.

ನನ್ನ ರೂಮ್‌ಮೇಟ್ ಗಾಯತ್ರಿ ಅಂತ, ಘಟ್ಟದ ಕಡೆಯವಳು. ಒಳ್ಳೆಯವಳು. ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಒಂದೂವರೆ ತಿಂಗಳಿನಿಂದ ಅವಳಿಗೆ ಕೆಮ್ಮು. ಕಾಳುಮೆಣಸಿನ ಪುಡಿಯನ್ನು ಜೇನಿನಲ್ಲಿ ಕಲಸಿ ನೆಕ್ಕಿದರೆ ಹೋಗುತ್ತದೆ, ಆದರೆ ಪೇಟೆಯ ಜೇನು ನಂಬುವ ಹಾಗಿಲ್ಲ ಅನ್ನುತ್ತಾಳೆ. ನಮ್ಮ ಮನೆಯದು ತರಿಸಿಕೊಡುತ್ತೇನೆ ಅಂದಿದ್ದೇನೆ. ನಿಮ್ಮ ಮನೆಯಲ್ಲಿ ಎಂತ ಮಾಡ್ತ್ರು ಅಂತ ಕೇಳಿದಳು. ಬಿಸಿನೆಸ್ ಅಂದೆ.

ದಿವ್ಯಶ್ರೀ


ಹಳದೀಪುರ
20-1-25

ದಿವ್ಯಾ,

ಹುಳ ಅದೆ. ಒಂದು. ಐದು ದಿನದ ಹಿಂದೆ ಶುಕ್ರ ಗೌಡ ಬಂದು ತೆಂಗಿನ ಸಿಪ್ಪೆ ಹೊಗೆ ಕೊಟ್ಟು ಪೆಟ್ಟಿಗೆ ತೆರೆದ. ತಳದಲ್ಲಿ ನೀನು ಬರೆದ ಹುಳವೇ ಇತ್ತು. ಬೆರಳಲ್ಲಿ ಎತ್ತಿ ಕೋಳಿಗೆ ಹಾಕಿದೆ. ಎರಡು ಕೋಳಿ ಜಗಳ ಮಾಡಿ ಹರಿದು ತಿಂದವು. ಅದಕ್ಕೆ ಇಷ್ಟು ಉದ್ದ ಬರೆಯೂದು ಎಂತ ಇತ್ತು?

ಪೆಟ್ಟಿಗೆಯ ಮೇಲಿನ ಕೋಣೆಯಲ್ಲಿ ಜೇನು ತುಂಬ್ತಾ ಅದೆ. ಎರಿಗೆ ಬಿಳಿ ಮುಚ್ಚಳ ಹಾಕ್ಕೊಂಡದೆ, ಹೊಸ ಸುಣ್ಣ ಬಳಿದ ಗೋಡೆ ಹಾಗೆ. ಕಾಣೂಕೆ ಚಂದ. ಒಂದು ಮೂಲೆ ಮುರಿದು ಕೈಗೆ ಬಂತು. ಸಿಗಡಿ ಸುಲಿಯುವಾಗ ಮುಳ್ಳು ಚುಚ್ಚಿ ನನ್ನ ಹೆಬ್ಬೆರಳು ಕೀವಾಗಿತ್ತಲ್ಲ, ಅದಕ್ಕೆ ಹಚ್ಚಿದೆ. ಉಳಿದದ್ದು ನೆಕ್ಕಿದೆ. ನಾಲ್ಕು ದಿನದಲ್ಲಿ ಬೆರಳು ಒಣಗ್ತು.

ಬೇವಿನೆಣ್ಣೆ ಅಂತ ಬರೆದಿದ್ರೆ ಇರಲಿ ಬಿಡು.

ಶಿವರಾತ್ರಿಗೆ ಬಾ. ಜೇನು ನೀನೇ ತೆಗಿ, ನಾನು ಮುಟ್ಟೂದಿಲ್ಲ. ನಿಂಗೆ ತೋರಿಸೂದು ಒಂದು ಅದೆ. ಬೆಳಿಗ್ಗೆ ಕೈ ಇಟ್ರೆ ಒಂದು ಥರ, ಬಿಸಿಲು ಏರಿದ ಮೇಲೆ ಒಂದು ಥರ, ಹೊರಗೆ ಹೋದವೆಲ್ಲ ತಿರುಗಿ ಬಂದ ಮೇಲೆ ಇನ್ನೊಂದು ಥರ. ಮೊನ್ನೆ ಗಣಪಿನೂ ಕೈ ಇಟ್ಟು ಕಂಡಿತು, ಅದಕ್ಕೆ ಎಂತದೂ ಗೊತ್ತಾಗಲಿಲ್ಲ. ಕಿವಿ ಇದ್ದವರಿಗೆ ಕೈಯಲ್ಲಿ ಕೇಳೂದಿಲ್ಲ ಕಾಣ್ತದೆ. ನೀನು ಇಟ್ಟು ನೋಡು.

ಮಾಸ್ತಮ್ಮ


ಭಟ್ಕಳ
6 ಮಾರ್ಚ್ 2025

ಅತ್ತೆಗೆ,

ಶಿವರಾತ್ರಿ ಮುಗಿಸಿ ಶುಕ್ರವಾರ ಬೆಳಿಗ್ಗೆ ನಿನಗೆ ಹೇಳದೆ ಹೊರಟದ್ದಕ್ಕೆ ಸಾರಿ. ನೀನು ಮೀನಿನ ದಕ್ಕೆಗೆ ಹೋಗಿದ್ದೆ. ನನಗೆ ರೆಕಾರ್ಡ್ ಸಬ್‌ಮಿಷನ್ ಇತ್ತು. ನಿಜವಾಗಿಯೂ ಇತ್ತು.

ನಿನ್ನ ಮನೆಮದ್ದು ಯಾವುದು ಅಂತ ಈಗ ಗೊತ್ತಾಯಿತು. ತಾರ್ಲೆ ಮೀನಿನ ಎಣ್ಣೆ! ದೋಣಿಗೆ ಬಳಿಯುವುದು! ನಾನು ಕೇಳಿದ್ದಕ್ಕೆ ನೀನು ಪೆಟ್ಟಿಗೆ ತೋರಿಸಿದೆ, ಆಮೇಲೆ ಅಪ್ಪನ ಹಳೇ ದೋಣಿ ತೋರಿಸಿದೆ, ಎರಡೂ ಮರವೇ ಅಲ್ವಾ ಅಂತ ಕೈ ಆಡಿಸಿದೆ. ಅದೇ ನಿನ್ನ ಲಾಜಿಕ್. ಬಿಸಿಲಿಗೆ ಆ ಎಣ್ಣೆ ಕಾಲಿನ ಮೇಲೆ ಕರ್ರಗೆ ಇಳಿದು ಬುಡದ ಮಣ್ಣಿನಲ್ಲಿ ಕೀವಿನ ಹಾಗೆ ನಿಂತಿತ್ತು. ಅದರ ಮೇಲೆ ನೊಣ. ಜೇನುನೊಣ ಅಲ್ಲ, ಹಸಿರು ಬೆನ್ನಿನ ಹೊಲಸು ನೊಣ. ವಿಡಿಯೋ ಮಾಡಲು ಬಗ್ಗಿದೆ, ಆ ನಾತ ಗಂಟಲಿನವರೆಗೆ ಇಳಿಯಿತು. ಬಸ್ಸಿನಲ್ಲಿ ಹೊನ್ನಾವರ ದಾಟಿದ ಮೇಲೂ ನನ್ನ ಕೂದಲಿನಲ್ಲಿ ಅದೇ ವಾಸನೆ. ಬಂದು ಎರಡು ಸಲ ತಲೆಸ್ನಾನ ಮಾಡಿದೆ.

ನೀನು ಮೂರು ತಿಂಗಳು ನನ್ನ ಹತ್ತಿರ ಸುಳ್ಳು ಹೇಳಿದೆ ಅಂತ ಬೇಜಾರು. ಎಣ್ಣೆಗಿಂತ ಅದೇ ಜಾಸ್ತಿ.

ನಾನು ಪೆಟ್ಟಿಗೆಗೆ ಏನೂ ಮಾಡಲಿಲ್ಲ. ವಿಡಿಯೋ ಮಾಡಿದೆ, ಅಷ್ಟೇ. ಅವು ಸ್ವಲ್ಪ ಗಲಾಟೆ ಮಾಡಿದವು, ಬಾಗಿಲಿಗೆ ಬಂದು ರಾಶಿ ಬಿದ್ದವು. ಆಮೇಲೆ ಸರಿ ಹೋಗಿರಬೇಕು. ಸರಿ ಹೋದವಾ?

ಅವಸರದಲ್ಲಿ ಜೇನು ತೆಗೆಯುವುದೂ ಆಗಲಿಲ್ಲ, ನೀನು ಹೇಳಿದ ಹಾಗೆ ಕೈ ಇಟ್ಟು ನೋಡುವುದೂ ಆಗಲಿಲ್ಲ. ಶುಕ್ರ ಗೌಡರನ್ನು ಕರೆದು ನೀನೇ ತೆಗೆದು ಕಳಿಸು. ಗಾಯತ್ರಿಯ ಕೆಮ್ಮು ಇನ್ನೂ ಹೋಗಿಲ್ಲ.

ದಿವ್ಯಶ್ರೀ


ಹಳದೀಪುರ
9-3-25

ದಿವ್ಯಾ,

ಕಾಗದ ಬಂತು. ಜೇನು ಕಳಿಸಿದ್ದೆ. ಒಂದೇ ಬಾಟಲಿ. ಬಟ್ಟೆಯಲ್ಲಿ ಸೋಸಿದ್ದು. ಕೆಮ್ಮಿನವಳಿಗೆ ಮೊದಲು ಕೊಡು.

ಪೆಟ್ಟಿಗೆ ಅಲ್ಲೇ ಅದೆ. ಗಲಾಟೆ ಎಂತದೂ ಇಲ್ಲ.

ಈ ವಾರದ ರೆಕಾರ್ಡು ನೀನೇ ಬರಕೊ.

ಮಾಸ್ತಮ್ಮ


ಭಟ್ಕಳ
13 ಮಾರ್ಚ್ 2025

ಅತ್ತೆ,

ಆರಾಮ ಅಂತ ಬರೆಯುವುದಿಲ್ಲ. ಆರಾಮ ಇಲ್ಲ.

ನಿನ್ನ ಬಾಟಲಿ ಮಂಗಳವಾರ ಸಿಕ್ಕಿತು. ನಾನು ಖುಷಿಯಲ್ಲಿ ಮುಚ್ಚಳವನ್ನೂ ತೆಗೆಯದೆ ಗಾಯತ್ರಿಯ ಕೈಗೆ ಕೊಟ್ಟೆ. ಅವಳು ಮೆಸ್ಸಿನ ಟೇಬಲ್ಲಿನಲ್ಲಿ, ಎಲ್ಲರ ಎದುರು, ಒಂದು ಚಮಚ ತೆಗೆದು ಬಾಯಿಗೆ ಇಟ್ಟಳು. ಮುಖ ಒಂಥರಾ ಆಯಿತು. "ಎಂತೋ ವಾಸನೆ ಇದ್ದು ಮಾರಾಯ್ತಿ" ಅಂದಳು. ಕಾಡುಹೂವಿನದು, ಹಾಗೇ ಇರುತ್ತದೆ ಅಂದೆ. ಅವಳು ನಂಬಿ ಇನ್ನೊಂದು ಚಮಚ ತೆಗೆದಳು. ಆಮೇಲೆ ನಾಲಿಗೆಯ ಮೇಲಿಂದ ಎರಡು ಬೆರಳಲ್ಲಿ ಒಂದು ದಾರದಂಥದ್ದನ್ನು ಎಳೆದಳು. ಕೆಂಪು, ಗರಗರ, ಇಷ್ಟುದ್ದ. ಬೆಳಕಿಗೆ ಹಿಡಿದಳು.

ಸಿಗಡಿ ಮೀಸೆ.

ಅತ್ತೆ, ಒಣ ಸಿಗಡಿ ಹಾಕಿಡುವ ಆ ದಪ್ಪ ಗಾಜಿನ ಬಾಟಲಿಯಲ್ಲಿ ನೀನು ಜೇನು ತುಂಬಿದ್ದೀಯ. ಮುಚ್ಚಳದ ಒಳಗಿನ ಹಳದಿ ರಟ್ಟನ್ನು ಮೂಸಿ ನೋಡಿದೆ. ನನ್ನ ಇಡೀ ಬಾಲ್ಯ ಅದರೊಳಗೆ ಕೂತಿತ್ತು. ಜೇನಿನ ತಳದಲ್ಲಿ ಕಪ್ಪು ಚುಕ್ಕೆ ಎರಡು ಇದ್ದವು. ಸಿಗಡಿ ಕಣ್ಣು. ಸಿಹಿ, ಅದರೊಳಗೆ ಉಪ್ಪು ನಾತ, ಅಂಟಂಟು.

ಗಾಯತ್ರಿ ಬೇಸಿನ್ನಿನ ತನಕವೂ ಹೋಗಲಿಲ್ಲ. ಅಲ್ಲೇ ಆಯಿತು, ತಟ್ಟೆಯ ಮೇಲೆ. ಒಂದು ಹೊತ್ತು ಊಟ ಬಿಟ್ಟಳು, ಎರಡು ದಿನ ಮಾತು ಬಿಟ್ಟಳು. ಈಗ ಇಡೀ ಹಾಸ್ಟೆಲಿಗೆ ಗೊತ್ತು. ಕಾರಿಡಾರಿನಲ್ಲಿ ಯಾರೋ "ಸಿಗಡಿ ಹನಿ" ಅಂದರು. ಹೊಸ ಹೆಸರು. ಬಂಗಡೆಯಿಂದ ಸಿಗಡಿ, ಪ್ರಮೋಷನ್.

ನಮ್ಮ ಮನೆಯವರು ಯಾರೋ ಮಾರುವವನ ಹತ್ತಿರ ತೆಗೆದುಕೊಂಡದ್ದು, ಮೋಸ ಹೋದೆವು ಅಂತ ಹೇಳಿದೆ. ಇನ್ನೇನು ಹೇಳಲಿ?

ನಿನಗೆ ಒಂದು ವಸ್ತು, ಒಂದೇ ಒಂದು ವಸ್ತು, ವಾಸನೆ ಹತ್ತಿಸದೆ ಇಡಲು ಆಗಲಿಲ್ಲವಾ? ಇನ್ನು ಮನೆಯಿಂದ ನನಗೆ ಏನೂ ಕಳಿಸಬೇಡ. ಬಟ್ಟೆ, ಉಪ್ಪಿನಕಾಯಿ, ಏನೂ ಬೇಡ. ನನಗೆ ಅಸಹ್ಯ ಆಗುತ್ತದೆ.

ರೆಕಾರ್ಡಿಗೆ ಜೇನು ಹೇಗಿದೆ ಅಂತ ಮಾತ್ರ ಬರೆ.

ದಿವ್ಯಶ್ರೀ


ಭಟ್ಕಳ
4 ಏಪ್ರಿಲ್ 2025

ಅತ್ತೆಗೆ,

ಮೂರು ವಾರ ಆಯಿತು, ನಿನ್ನ ಚೀಟಿ ಇಲ್ಲ. ದಿನಾ ಸ್ಟಾಪಿಗೆ ಹೋಗುತ್ತೇನೆ. ರವೀಂದ್ರಣ್ಣ ದೂರದಿಂದಲೇ ಕೈ ಅಲ್ಲಾಡಿಸಿ ಇಲ್ಲ ಅನ್ನುತ್ತಾರೆ. ನಿನ್ನೆ, "ನಿಮ್ಮತ್ತೆ ಅಂಗಡಿ ಹತ್ರ ಕೂತಿರ್ತಾಳೆ, ನಾನು ಸೀಟಿ ಊದೂದು, ಅವಳು ತಲೆ ಎತ್ತೂದೂ ಇಲ್ಲ" ಅಂದರು. ಹೇಳಿದ ಮೇಲೆ ಅವರಿಗೇ ನೆನಪಾಗಿ ಮುಖ ಸಣ್ಣ ಮಾಡಿಕೊಂಡರು.

ಭಾನುವಾರ ಅಪ್ಪ ಫೋನ್ ಮಾಡಿದ್ದರು. ಜೇನು ಹೋಗಿ ತಿಂಗಳಾಯಿತಂತೆ! ಮಾರ್ಚ್ ಒಂದಕ್ಕೇ, ನಾನು ಹೊರಟು ಬಂದ ಮರುದಿನವೇ. "ನಿನ್ನ ಅತ್ತೆ ಎಣ್ಣೆ ಹಚ್ಚಿ ಓಡ್ಸಿದ್ಳು. ಅವಳೇ ಎಲ್ಲರ ಹತ್ರ ಹೇಳ್ತಾ ತಿರಗ್ತಳೆ" ಅಂದರು. ಆ ಬಾಟಲಿ ಕಳಿಸಿದಾಗ ಪೆಟ್ಟಿಗೆ ಖಾಲಿ ಇತ್ತಾ?

ಸುಧಾಕರ ಸರ್‌ಗೆ ಹೇಳಲೇಬೇಕಾಯಿತು. ಎಣ್ಣೆ ಕಾರಣ ಅಂತ ನಾನೂ ಹೇಳಿದೆ. ಅವರು ರೆಕಾರ್ಡಿನ ಹಾಳೆ ತಿರುವಿದರು. "ಎಣ್ಣೆ ನವೆಂಬರಿನದ್ದು. ಅದಕ್ಕೆ ಹೋಗುವುದಾದರೆ ಆಗಲೇ ಹೋಗುತ್ತಿದ್ದವು. ಮೂರು ತಿಂಗಳು ಚೆನ್ನಾಗಿದ್ದು, ಮೇಲೆ ಜೇನೂ ತುಂಬಿ, ಒಂದು ದಿನದಲ್ಲಿ ಹೋದವು ಅಂದರೆ ಆ ವಾರ ಏನೋ ಆಗಿದೆ. ಯಾರಾದರೂ ಸೆಂಟ್ ಗಿಂಟ್ ಹಾಕಿಕೊಂಡು ಹತ್ತಿರ ಹೋದಿರಾ?" ಅಂತ ಕೇಳಿದರು.

ಇಲ್ಲ ಸರ್ ಅಂದೆ.

ಅತ್ತೆ, ನಾನು ಸೆಂಟ್ ಹಾಕಿಕೊಂಡು ಹೋದದ್ದಲ್ಲ. ಅದಕ್ಕೇ ಹಾಕಿದೆ. ಪೆಟ್ಟಿಗೆಗೆ. ನನ್ನ ಬಾಡಿ ಸ್ಪ್ರೇ ಯಾವಾಗಲೂ ಬ್ಯಾಗಿನಲ್ಲಿ ಇರುತ್ತದೆ, ಆರನೇ ಕ್ಲಾಸಿನಿಂದ ಇದೆ. ಆ ಗುರುವಾರ ಸಂಜೆ, ನೀನು ಅಡುಗೆಯಲ್ಲಿದ್ದಾಗ, ಎಣ್ಣೆಯ ನಾತ ತಡೆಯಲಾರದೆ ಮೊದಲು ಕಾಲಿಗೆ ಹೊಡೆದೆ. ಸಾಲಲಿಲ್ಲ. ಮುಚ್ಚಳಕ್ಕೆ ಹೊಡೆದೆ. ಆಮೇಲೆ ಜೇನುನೊಣ ಒಳಗೆ ಹೋಗುವ ಆ ಸಣ್ಣ ಬಾಗಿಲಿಗೂ. ಅರ್ಧ ಡಬ್ಬಿ ಖಾಲಿ. ಅವು ಕುಡಿದವರ ಹಾಗೆ ಹೊರಗೆ ಬಿದ್ದು ತೆವಳಿದವು. ನಾನು ಒಳಗೆ ಓಡಿ ಬಾಗಿಲು ಹಾಕಿಕೊಂಡೆ. ಬೆಳಿಗ್ಗೆ ನೀನು ದಕ್ಕೆಯಿಂದ ಬರುವ ಮೊದಲೇ ಬಸ್ಸು ಹತ್ತಿದೆ.

ಸಬ್‌ಮಿಷನ್ ಇರಲಿಲ್ಲ.

ಸ್ಪ್ರೇ ಹೊಡೆದರೆ ಏನಾಗುತ್ತದೆ ಅಂತ ನನಗೆ ಗೊತ್ತಿತ್ತು. ಮೊದಲ ಕ್ಲಾಸಿನ ಮೊದಲ ಪಾಠವೇ ಅದು, ನನ್ನ ಕೈಬರಹದಲ್ಲಿ ಇದೆ. ಮೀನಿನ ಎಣ್ಣೆಗೆ, ಮೇಣದ ಹುಳಕ್ಕೆ, ಸಿಗಡಿ ಮೀಸೆಗೆ ಹೇಸಿದವಳು ನಾನು. ಈಗ ಆ ಸ್ಪ್ರೇಯ ಮುಚ್ಚಳ ತೆಗೆದರೆ ನನ್ನ ಮೈಯ ವಾಸನೆಗೇ ವಾಕರಿಕೆ ಬರುತ್ತದೆ.

ಒಂದು ಗೆರೆ ಬರೆ. ಬೈದಾದರೂ ಬರೆ.

ದಿವ್ಯಾ


ಹಳದೀಪುರ
11-4-25

ದಿವ್ಯಾ,

ಬೈಯೂಕೆ ಕಾಗದ ಖರ್ಚು ಮಾಡೂದಿಲ್ಲ. ಇದ್ದದ್ದು ಬರೀತೆ.

ನಂಗೆ ಕಿವಿ ಇಲ್ಲ. ಮೂಗು ಅದೆ. ಶುಕ್ರವಾರ ದಕ್ಕೆಯಿಂದ ಬಂದು ಕೈ ತೊಳೆದು ಪೆಟ್ಟಿಗೆ ಹತ್ರ ಹೋದ ಕೂಡಲೇ ಗೊತ್ತಾತು. ಮುಚ್ಚಳ ಪೂರಾ ನಿನ್ನ ಸೆಂಟು. ಮದುವೆ ಮನೆಯ ಹೂವು ಮೂರು ದಿನ ಬಿಟ್ಟು ಮೂಸಿದ ಹಾಗೆ. ಒದ್ದೆ ಬಟ್ಟೆಯಲ್ಲಿ ಒರೆಸಿದೆ, ಹೋಗಲಿಲ್ಲ. ಕೈ ಇಟ್ಟೆ. ಒಳಗೆ ನಡುಕ ಅಲ್ಲ, ಚಳಿಜ್ವರ ಬಂದವರ ಮೈ ಹಾಗೆ ಕುಣೀತಾ ಇತ್ತು. ಇಡೀ ದಿನ ಹಾಗೇ. ಶನಿವಾರ ಬಿಸಿಲು ಏರೂದೂ, ಎಲ್ಲಾ ಒಟ್ಟಿಗೆ ಹೊರಗೆ ಬಿದ್ದು ಗೇರುಮರಕ್ಕೆ ಜೋತವು. ನಾನು ಮರದ ಬುಡದಲ್ಲಿ ನಿಂತೆ. ಎಷ್ಟು ಹೊತ್ತು ಅಂತ ಗೊತ್ತಿಲ್ಲ. ಶುಕ್ರ ಗೌಡನ್ನ ಕರೆಯೂಕೆ ಗಣಪಿ ಓಡ್ತು. ಅವ ಬರೂದ್ರೊಳಗೆ ಎದ್ದು ಹೋದವು. ಎತ್ಲಾಗೆ ಅಂತ ಹಾರುವ ಸದ್ದು ಕೇಳಿದವರಿಗೆ ಗೊತ್ತು.

ಪೆಟ್ಟಿಗೆಗೆ ಕೈ ಇಟ್ಟೆ. ಹಲಗೆ.

ಮರಿಗಳನ್ನು ಬಿಟ್ಟು ಹೋಗಿದ್ವು. ಮೂರು ದಿನಕ್ಕೆ ಎರಿಯ ಕಣ್ಣಲ್ಲೇ ಕೊಳೆತವು. ನಾತ ಕೇಳಬೇಡ. ಐವತ್ತು ವರ್ಷ ಮೀನು ಕೊಯ್ದವಳು, ನಂಗೇ ಹೇಸಿಗೆ ಬಂತು. ಅದನ್ನು ಕಡಿದು ಮಣ್ಣಲ್ಲಿ ಹುಗಿದು, ಮೇಲಿನ ಎರಿಯಲ್ಲಿ ಅವು ಬಿಟ್ಟು ಹೋದ ಜೇನು ಹಿಂಡಿದೆ. ಕೆಮ್ಮಿನವಳಿಗೆ ಮಾತು ಕೊಟ್ಟಿದ್ದೆ ಅಂತ ಬರೆದಿದ್ದೆ ನೀನು.

ಎಣ್ಣೆ ನಂದು ಅಂತ ನಾನೇ ಎಲ್ಲರಿಗೆ ಹೇಳಿದೆ. ನಿನ್ನ ಅಪ್ಪ ಬೋಟಿಂದ ಬಂದು ಸಿಟ್ಟಲ್ಲಿ ನಿನ್ನ ಕಾಲೇಜು ಬಿಡಿಸಿದ್ರೆ ಅಂತ ಹೆದರಿದೆ. ನಿನ್ನ ಮೇಲೆ ಸಿಟ್ಟಿರಲಿಲ್ಲ ಅಂತ ಅಲ್ಲ. ಇತ್ತು. ಅದೆ.

ಬಾಟಲಿ ಏಳು ಸಲ ತೊಳೆದೆ. ಬೂದಿ, ಬಿಸಿನೀರು, ಲಿಂಬೆ ಸಿಪ್ಪೆ. ಮುಚ್ಚಳದ ರಟ್ಟಿನ ಅಡಿ ಕಾಣೂಕೆ ಮರೆತೆ. ಮೂಸಿದೆ, ವಾಸನೆ ಇಲ್ಲ. ನೀನು ಬರೆದ ಮೇಲೆ ಯೋಚನೆ ಮಾಡಿದೆ. ನಮ್ಮ ಮನೆ ವಾಸನೆ ನಂಗೆ ಬರೂದೇ ಇಲ್ಲ. ನಿನ್ನ ವಾಸನೆ ಮಾತ್ರ ಬಂತು.

ಪೆಟ್ಟಿಗೆಯಲ್ಲಿ ಈಗ ಒಣ ಸಿಗಡಿ ತುಂಬಿಟ್ಟಿದ್ದೆ. ಒಳ್ಳೆಯದಾಯ್ತು. ನಿನ್ನ ಸೆಂಟಿಗೆ ಇಲಿಯೂ ಹತ್ರ ಬರೂದಿಲ್ಲ. ಇನ್ನು ನಂಗೆ ಜೇನು ಬೇಡ.

ಮಾಸ್ತಮ್ಮ


ಭಟ್ಕಳ
16 ಏಪ್ರಿಲ್ 2025

ಅತ್ತೆಗೆ,

ಶನಿವಾರ ಬೆಳಿಗ್ಗೆ ಎಂಟೂವರೆ ಬಸ್ಸಿಗೆ ಬರುತ್ತೇನೆ. ಸಿಗಡಿ ತೆಗೆದು ಬೇರೆ ಕಡೆ ಇಡು. ಪೆಟ್ಟಿಗೆ ತೊಳೆಯುವವಳು ನಾನು. ಬೇಡ ಅಂದರೂ ಬರುತ್ತೇನೆ.

ಸರ್‌ಗೆ ಹೇಳಿದೆ. ಅವರು ಬೈಯಲಿಲ್ಲ, ರೆಕಾರ್ಡಿನ ಕೊನೆಯ ಪುಟ ಕಿತ್ತು, ನಿಜ ಬರೆದು ತಾ ಅಂದರು. ಬರೆಯಲು ಎರಡು ದಿನ ಹಿಡಿಯಿತು.

ಗಾಯತ್ರಿಗೂ ಹೇಳಿದೆ. ಮಾರುವವನು ಅಂತ ಯಾರೂ ಇಲ್ಲ, ನಮ್ಮ ಅತ್ತೆ, ನಾವು ಮೀನಿನವರು, ಅದು ನಮ್ಮದೇ ಬಾಟಲಿ ಅಂದೆ. ಅವಳು ಓದುತ್ತಿದ್ದ ಪುಸ್ತಕ ಮುಚ್ಚಿಟ್ಟಳು. ಆಮೇಲೆ, "ನೀನು ಜೇನು ಇದ್ದು ಹೇಳಿದ್ದೆ, ಮೀಸೆ ಇದ್ದು ಹೇಳಿದ್ದಿಲ್ಲೆ" ಅಂದಳು. ನಕ್ಕಳು. ಆದರೆ ಮಂಚವನ್ನು ಸ್ವಲ್ಪ ಆಚೆ ಎಳೆದುಕೊಂಡಿದ್ದಾಳೆ. ಒಂದು ಗೇಣು. ನಾನು ನೋಡಿಯೂ ನೋಡದ ಹಾಗೆ ಇದ್ದೇನೆ.

ಸ್ಪ್ರೇ ಹಾಕಿಕೊಳ್ಳದೆ ಬರುತ್ತೇನೆ. ಬಸ್ಸಿನಲ್ಲಿ ಕಿಟಕಿ ಹತ್ತಿರ ಕೂರುತ್ತೇನೆ.

ದಿವ್ಯಾ


ಹಳದೀಪುರ
14-5-25

ದಿವ್ಯಾ ಮಗಾ,

ನೀನು ಹೋದ ಮೇಲೆ ಪೆಟ್ಟಿಗೆ ಹದಿನೈದು ದಿನ ಬಿಸಿಲಿಗೆ ಒಣಗ್ತು. ಬೂದಿ ಹಾಕಿ ತಿಕ್ಕಿ ನಿನ್ನ ಅಂಗೈ ಸುಲಿದಿತ್ತಲ್ಲ, ಗುಣ ಆತಾ? ಹಚ್ಚೂಕೆ ಜೇನು ಇಲ್ಲ ಅಂತ ನಾನು ಅಂದದ್ದಕ್ಕೆ ನೀನು ಅತ್ತುಬಿಟ್ಟೆ. ನಾನು ಕುಶಾಲು ಮಾಡಿದ್ದು. ಅರ್ಧ ಕುಶಾಲು.

ನಿನ್ನೆ ಶುಕ್ರ ಗೌಡ ಬಂದು ಪೆಟ್ಟಿಗೆ ಒಳಗೆ ತಲೆ ಹಾಕಿ ನಾಯಿ ಹಾಗೆ ಮೂಸಿದ. ಸೆಂಟು ಹೋಗಿದೆ, ಸಿಗಡಿಯೂ ಹೋಗಿದೆ, ಬರೀ ಮರದ ವಾಸನೆ ಅಂತ ಕೈಯಾಡಿಸಿದ. ಒಳಗೆ ಮೇಣ ಉಜ್ಜಿ ಕೊಟ್ಟ. ಮಳೆ ಹತ್ರ ಬಂತು, ಈಗ ಹಿಡಿದು ಹಾಕಿದ್ರೂ ಬದುಕೂದಿಲ್ಲ, ದೀಪಾವಳಿ ಹೊತ್ತಿಗೆ ಕಾಣುವಾ ಅಂದ. ಆತು ಅಂದೆ. ಬೇಡ ಅಂದವಳೂ ನಾನೇ.

ಕಾಲಿಗೆ ಎಣ್ಣೆ ಹಚ್ಚಲಿಲ್ಲ. ಕರಟವೇ ಇಟ್ಟಿದ್ದೆ. ಕೋಳಿನ ಕಟ್ಟಿ ಹಾಕಿದ್ದೆ, ಅವು ನಿನ್ನನ್ನು ಶಪಿಸ್ತಾ ಅವೆ.

ಬೆಳಿಗ್ಗೆ ಎದ್ದು ಪೆಟ್ಟಿಗೆಗೆ ಕೈ ಇಡೂದು ನಾನು ಬಿಟ್ಟಿಲ್ಲ. ಅಭ್ಯಾಸ. ಇವತ್ತು ಇಟ್ಟೆ, ನಡುಗ್ತು! ನಿಜಕ್ಕೂ ನಡುಗ್ತು. ನಾನು ಸೆರಗು ಬಾಯಿಗೆ ಹಿಡಿದು ಹಾಗೇ ನಿಂತೆ, ಕೈ ತೆಗೆಯೂಕೆ ಹೆದರಿಕೆ. ಆಮೇಲೆ ಬಗ್ಗಿ ಕಂಡ್ರೆ ಗಣಪಿ ಬಾವಿಗೆ ಹೊಸ ಪಂಪು ಹಾಕ್ಸಿದೆ, ಅದರ ಪೈಪು ನಮ್ಮ ಪೆಟ್ಟಿಗೆ ಕಾಲಿಗೆ ತಾಗಿ ಹೋಗ್ತದೆ. ಅದು ತೋಟಕ್ಕೆ ನೀರು ಬಿಟ್ಟಿತ್ತು.

ಪೈಪು ಆಚೆ ಸರಿಸು ಅಂತ ಅದಕ್ಕೆ ಹೇಳೂಕೆ ಹೋದವಳು ಹೇಳದೆ ಬಂದೆ. ದೀಪಾವಳಿ ತನಕ ಇರಲಿ.

ಬಾಟಲಿಗೆ ಚೀಟಿ ಅಂಟಿಸಿದ್ದೆ. ಒಂದಕ್ಕೆ ಸಿಗಡಿ ಅಂತ, ಒಂದಕ್ಕೆ ಜೇನು ಅಂತ. ಜೇನಿಂದು ಹೊಸ ಬಾಟಲಿ, ಪೇಟೆಯಿಂದ ತಂದದ್ದು. ಖಾಲಿ ಅದೆ. ಬಂದಾಗ ಮೂಸಿ ನೋಡು.

ಮಾಸ್ತಮ್ಮ